ಎರಡು ಸಲ ಓರೆಯಾದ ಕಿರಣ

ಹೋದ ಬೇಸಿಗೆ, ಹುಣಸೆಹಣ್ಣು ಕುಟ್ಟುವ ಕಾಲಕ್ಕೆ, ನಾನು ಬಡವನಹಳ್ಳಿಯ ಮನೆಯಲ್ಲಿದ್ದೆ. ರಜೆ ಎಂದು ಅಮ್ಮನಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಪಿಎಚ್‌ಡಿ ಮುಗಿಸಿ ಎರಡು ವರ್ಷದ ಒಪ್ಪಂದದ ಕೆಲಸಕ್ಕೆ ಸೇರಿದ್ದೆ. ಉಳಿದಿದ್ದು ಮೂರೇ ತಿಂಗಳು.

ಕೆಲಸ ಏನೆಂದರೆ, ಇನ್ನೂ ಎಲ್ಲೂ ಇಲ್ಲದ ಒಂದು ಯಂತ್ರದ ವಿನ್ಯಾಸ. ಕಣಗಳ ಎರಡು ಕಿರಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಕೊಲೈಡರ್. ಎಲ್ಲ ಸರಿಹೋಗಿ ಅದು ಓಡುವ ಹೊತ್ತಿಗೆ ನನಗೆ ನಿವೃತ್ತಿಯ ವಯಸ್ಸಾಗಿರುತ್ತದೆ. ಡಿಕ್ಕಿಯ ಜಾಗಕ್ಕೆ ತೀರಾ ಹತ್ತಿರ, ಅಲ್ಲಿಂದ ಹೊಮ್ಮುವ ಕಣಗಳನ್ನು ಗುರುತಿಸುವ ಒಂದು ತೆಳು ಪದರ ಕೂರಬೇಕು. ಬೇಡದ ಕಣಗಳ ಹೊಡೆತಕ್ಕೆ ಹಾಳಾಗದಂತೆ ಅದನ್ನು ಎಷ್ಟು ದೂರ ಇಡಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದಷ್ಟೇ ನನ್ನ ಪಾಲು. ಅಮ್ಮ ಮಾತ್ರ ಬೀದಿಗೆಲ್ಲ "ನನ್ ಮಗಳು ದೊಡ್ ಮಿಷನ್ ಕಟ್ತಾವ್ಳೆ" ಎಂದು ಸಾರಿಕೊಂಡು ಬಂದಿದ್ದಳು. ಕಟ್ಟುವುದೇನು ಬಂತು, ಮಣ್ಣು.

ಬೆಳಿಗ್ಗೆ ಅಮ್ಮನ ಜೊತೆ ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಬಿಸಿಲೇರಿದ ಮೇಲೆ ಕೈ ತೊಳೆದು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಹಾಗೆ ಹಳೆಯ ಫೈಲುಗಳನ್ನು ನೋಡುತ್ತಿದ್ದಾಗಲೇ ತಪ್ಪು ಕಣ್ಣಿಗೆ ಬಿತ್ತು. ಕಿರಣಗಳು ನೇರ ಎದುರಾಗುವುದಿಲ್ಲ, ಕೂದಲೆಳೆಯಷ್ಟು ಓರೆಯಾಗಿ ಬರುತ್ತವೆ. ಆ ಓರೆಯನ್ನು ಲೆಕ್ಕದಲ್ಲಿ ಒಂದೇ ಸಲ ಸೇರಿಸಬೇಕು. ಡಿಕ್ಕಿಯ ಫೈಲ್ ತಯಾರಿಸುವಾಗ ನಾನು ಸೇರಿಸಿದ್ದೆ. ಆ ಫೈಲನ್ನು ಓದುವ ಮುಂದಿನ ಪ್ರೋಗ್ರಾಂ, ಹೊಸ ಆವೃತ್ತಿ ಬಂದಾಗಿನಿಂದ, ತಾನೇ ಇನ್ನೊಮ್ಮೆ ಸೇರಿಸುತ್ತಿತ್ತು. ಅದರ ಸೂಚನೆಯನ್ನು ನಾನು ಓದಿರಲಿಲ್ಲ. ಒಂದೂವರೆ ವರ್ಷದಿಂದ ನನ್ನ ಕಿರಣಗಳು ಎರಡೆರಡು ಸಲ ಓರೆಯಾಗಿದ್ದವು.

ನನ್ನ ಲೆಕ್ಕದಿಂದ ಬಂದ ಚಿತ್ರದಲ್ಲಿ ಕಣಗಳು ಒಂದೇ ಮಗ್ಗುಲಿಗೆ ಗುಡ್ಡೆ ಬೀಳುತ್ತಿದ್ದುದು ಎಲ್ಲರಿಗೂ ಕಂಡಿತ್ತು. ಅದಕ್ಕೆ ನಾನೇ ಒಂದು ಚೆಂದದ ಕಾರಣ ಹುಡುಕಿ ಸಭೆಯಲ್ಲಿ ಹೇಳಿ ಮೆಚ್ಚಿಸಿದ್ದೆ. ಆ ಮಾತು ನಂಬಿ ಪದರವನ್ನು ಹೊರಕ್ಕೆ ಸರಿಸಿದ್ದರು. ಅದರ ಮೇಲೆ ಇನ್ಯಾರೋ ತಂಪು ಮಾಡುವ ಕೊಳವೆಗಳನ್ನು ಬರೆದಿದ್ದರು. ವಿನ್ಯಾಸದ ವರದಿಯಲ್ಲಿ ನನ್ನ ಈ ಲೆಕ್ಕದ ಪುಟವಿದ್ದರೆ ಮಾತ್ರ ಇನ್ನೊಂದು ಕಡೆ ಕೆಲಸ ಕೇಳುವ ಬಾಯಿ ನನಗಿತ್ತು. ಬೇರೆ ತೋರಿಸಲು ಏನೂ ಇರಲಿಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಅಮ್ಮ ಬಿಡದೆ ಕೇಳಿದಾಗ, ಲೆಕ್ಕದಲ್ಲಿ ತಪ್ಪಾಗಿದೆ, ದೊಡ್ಡವರಿಗೆ ಹೇಳಿದರೆ ಕೆಲಸ ಹೋಗಬಹುದು ಎಂದೆ.

"ಹಣ್ಣಲ್ಲಿ ಬೀಜ ಉಳ್ಕಂಡಿದ್ರೆ ನಾವೇ ಹೇಳ್ಬುಡ್ತೀವಿ ಕಣಮ್ಮ," ಎಂದಳು ಅಮ್ಮ, ಹಣ್ಣು ಕುಟ್ಟುತ್ತಿದ್ದ ಕೊಡತಿ ಕೆಳಗಿಡದೆ. "ಕೊಳ್ಳಕ್ ಬಂದ ಶಿರಾದೋರು ಬುಟ್ಟಿ ಸುರುವಿ ನೋಡ್ದಾಗ ಸಿಕ್ರೆ ಮುಖ ಎತ್ತಕ್ಕಾಯ್ತದಾ? ಬೈದ್ರೆ ಬೈಲಿ. ಹೇಳ್ಬುಡು."

ಅವತ್ತೇ ನಮ್ಮ ತಂಡದ ಮುಖ್ಯಸ್ಥರಿಗೆ ಬರೆದೆ. ತಪ್ಪು ಎಲ್ಲಿ, ಯಾವಾಗಿನಿಂದ, ಯಾವ ಯಾವ ಚಿತ್ರಗಳು ಕೆಟ್ಟಿವೆ, ಎಲ್ಲವನ್ನೂ ಬಿಡಿಸಿ ಬರೆದೆ. ಕ್ಷಮೆ ಕೇಳಿದೆ. ಎಲ್ಲವನ್ನೂ ಮತ್ತೆ ಓಡಿಸಿ ಕೊಡುತ್ತೇನೆ, ಒಂದು ತಿಂಗಳು ಕೊಡಿ ಎಂದೆ.

ಮರುದಿನ ಮಧ್ಯಾಹ್ನ ಉತ್ತರ ಬಂತು. ತಿಳಿಸಿದ್ದಕ್ಕೆ ವಂದನೆ ಎಂದು ಶುರುವಾಗಿತ್ತು. ಪದರದ ಆ ಮಾದರಿಯನ್ನು ಹೋದ ತಿಂಗಳ ಸಭೆಯಲ್ಲೇ ಕೈಬಿಟ್ಟಾಗಿದೆ, ಬೇರೆ ತಂಡದ ಮಾದರಿಯನ್ನು ಆರಿಸಿಕೊಂಡಿದ್ದೇವೆ, ನಿನಗೆ ಪತ್ರ ಹೋಗಿಲ್ಲವೆಂದು ಕಾಣುತ್ತದೆ, ಆದ್ದರಿಂದ ಏನನ್ನೂ ತಿದ್ದುವ ಅಗತ್ಯವಿಲ್ಲ. ಮುಂದಿನ ದಿನಗಳಿಗೆ ಶುಭಾಶಯ. ಅಷ್ಟೇ.

ನಾಲ್ಕಾರು ಸಲ ಓದಿದೆ. ಅವರು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ನನ್ನ ತಪ್ಪಿನಿಂದ ಯಾರದಾದರೂ ಒಂದು ದಿನವಾದರೂ ಹಾಳಾಗಬೇಕಿತ್ತು. ನಾನು ಸರಿಯಾಗಿ ಮಾಡಿದ್ದರೂ ಇದೇ ಪತ್ರ ಬರುತ್ತಿತ್ತು. ಕಣ್ಣೀರು ತಡೆಯಲಾಗಲಿಲ್ಲ.

"ಬೈದ್ರಾ?" ಎಂದಳು ಅಮ್ಮ.

"ಇಲ್ಲ."

"ಮತ್ಯಾಕೆ ಅಳ್ತೀಯ? ಒಳ್ಳೇದೇ ಆಯ್ತಲ್ಲ."

ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದೆ. ಹೊತ್ತು ಇಳಿದ ಮೇಲೆ ಪಕ್ಕದ ಮನೆಯವರ ಹತ್ತಿರ ಅವಳು ಮಾತಾಡುತ್ತಿದ್ದುದು ಒಳಗೆ ಕೇಳಿಸಿತು. "ಅಷ್ಟ್ ದೊಡ್ ತಪ್ ಮಾಡವ್ಳೆ, ಒಂದ್ ಮಾತು ಅನ್ನಲಿಲ್ವಂತೆ. ಇವಳು ಅಂದ್ರೆ ಅಷ್ಟು ಬೆಲೆ ಕೊಡ್ತಾರೆ ಅಲ್ಲಿ."