ಕರೆಂಟು ಹೋದಾಗ ಕೆಲಸ ಮಾಡುವ ಸೌಂಡ್ ಕಾರ್ಡ್

ಅತ್ತೆಯ ಗಂಟಲಿಗೆ ಆಪರೇಷನ್ ಆಗಲೇಬೇಕು, ಆಮೇಲೆ ದನಿ ಹೇಗಿರುತ್ತದೋ ಹೇಳಲಾಗದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಎಲ್ಲರೂ ಮೆತ್ತಗಾದರು. ಅತ್ತೆ ಮಾತ್ರ ಹೆಸರುಬೇಳೆ ಆರಿಸುತ್ತ ನನ್ನ ಲ್ಯಾಪ್‌ಟಾಪಿನ ಕಡೆ ಗದ್ದ ಚಾಚಿದರು.

"ಅದರೊಳಗೆ ನನ್ನ ಮಾತು ತುಂಬಿಡೋಕಾಗತ್ತೇನೆ? ಗಂಟಲು ಕೈಕೊಟ್ರೆ ಆ ಡಬ್ಬಿ ಮಾತಾಡ್ಲಿ. ಯಾತ್ರೆಯವರ ಮುಂದೆ ನಾನು ಮೂಕಿ ಹಾಗೆ ಕೂರಲ್ಲ."

ನಮ್ಮದು ಕಾಶಿಯ ಶಿವಾಲ ಘಾಟಿನ ಹತ್ತಿರದ ಮನೆ. ಕರ್ನಾಟಕದಿಂದ ಬರುವವರಿಗೆ ಅಪ್ಪ ಗಂಗಾಪೂಜೆ, ಪಿಂಡದಾನ ಮಾಡಿಸುತ್ತಿದ್ದರು. ಅಪ್ಪನ ಅಕ್ಕ ಈ ಅತ್ತೆ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಸಂಜೆ ಕೆಳಗಿನ ಹಜಾರದಲ್ಲಿ ಯಾತ್ರೆಯ ಹೆಂಗಸರನ್ನು ಕೂರಿಸಿಕೊಂಡು ಕಾಶಿಯಲ್ಲಿ ಏನು ಮಾಡಬೇಕು, ಏನು ಬಿಡಬೇಕು ಎಂದು ಹೇಳುವುದು ಅವರ ಕೆಲಸ. ಆ ಮನೆಯಲ್ಲಿ ಅವರದೇ ಎನ್ನುವಂಥದ್ದು ಅದೊಂದೇ ಇತ್ತು. ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಹೋಗಬೇಕಲ್ಲ, ಅಲ್ಲಿಗೆ ಬಂದಾಗ ಅತ್ತೆಯ ಮಾತಿಗೆ ರೆಕ್ಕೆ ಬರುತ್ತಿತ್ತು.

"ಒಬ್ಬಳು ಹಾಗಲಕಾಯಿ ಬಿಟ್ಟಳು ಕಣ್ರೇ. ಬಿಡೋಕೆ ಅವಳು ಅದನ್ನ ಹಿಡಿದಿದ್ದಾದರೂ ಯಾವಾಗ? ಇನ್ನೊಬ್ಬರು ಸೇಬು ಬಿಟ್ರು. ಬಾಯಲ್ಲಿ ಒಂದು ಹಲ್ಲಿಲ್ಲ!"

ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಮೈಕು ಚುಚ್ಚಿ ನೋಡಿದೆ. ಅತ್ತೆಯ ಮಾತಿಗಿಂತ ಜುಂಯ್ ಎನ್ನುವ ಸದ್ದೇ ಜೋರಾಗಿತ್ತು. ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್ ಬೇಕು ಎಂದು ವಿಶ್ವವಿದ್ಯಾಲಯದ ಗೆಳತಿಯೊಬ್ಬಳು ಹೇಳಿದಳು. ಅಂಗಡಿಯವನು ಅಪ್ಪನ ಪರಿಚಯದವನು. ಎರಡು ಕಾರ್ಡುಗಳನ್ನು ಮೇಜಿನ ಮೇಲಿಟ್ಟ. ಒಂದು ದೊಡ್ಡದು, ಕಬ್ಬಿಣದ ಪೆಟ್ಟಿಗೆಯಂತೆ ಭಾರ. ಅದರ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಬೇಕು. ಇನ್ನೊಂದು ಅಂಗೈಯಲ್ಲಿ ಹಿಡಿಯುವಷ್ಟು. ಲ್ಯಾಪ್‌ಟಾಪಿನಿಂದಲೇ ಕರೆಂಟು ಎಳೆದುಕೊಳ್ಳುತ್ತಿತ್ತು.

"ಬಡಾ ವಾಲಾ ಲೀಜಿಯೇ ಬಿಟಿಯಾ. ಆವಾಜ್ ಏಕ್‌ದಮ್ ಗಂಗಾಜಲ್!" ಎಂದ. ದೊಡ್ಡದರ ದನಿ ಗಂಗಾಜಲದಷ್ಟು ತಿಳಿಯಂತೆ. ಗಂಗೆಯ ನೀರು ನಾನು ದಿನವೂ ನೋಡುವುದೇ. ಎರಡನ್ನೂ ಮನೆಗೆ ಒಯ್ದು ನೋಡುತ್ತೇನೆ ಎಂದೆ.

ದೊಡ್ಡದರಲ್ಲಿ ಅತ್ತೆಯ ದನಿ ನಿಜಕ್ಕೂ ಚೆನ್ನಾಗಿ ಬಂತು. ಹೆಡ್‌ಫೋನ್ ಹಾಕಿಕೊಂಡು ಕೇಳಿದ ಅವರು ಕಣ್ಣರಳಿಸಿ, "ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಾ? ಆ ಡಾಕ್ಟರಿಗೆ ಕೇಳಿಸೇ, ಕತ್ತರಿ ಕೆಳಗಿಟ್ಟುಬಿಡ್ತಾನೆ" ಎಂದರು. ಆದರೆ ಪ್ರತಿ ಮಾತಿನ ಹಿಂದೆಯೂ ಖಟಖಟ ಇತ್ತು. ಹಿಂದಿನ ಗಲ್ಲಿಯ ಸೀರೆಯ ಮಗ್ಗಗಳು ಕರೆಂಟಿನಲ್ಲಿ ನಡೆಯುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಕಿಟಕಿ ಮುಚ್ಚಿದೆ, ಫ್ಯಾನ್ ಆರಿಸಿದೆ, ಇಬ್ಬರೂ ಬೆವರಿನಲ್ಲಿ ತೊಯ್ದೆವು. ಮಗ್ಗ ಗೋಡೆ ದಾಟಿ ಬರುತ್ತಲೇ ಇತ್ತು. ಅದರ ಜೊತೆಗೆ ನೀರಿನ ಪಂಪು, ಮೇಲಿನ ಕೋಣೆಯ ಯಾತ್ರಿಕರ ಟಿ.ವಿ.

ಆಗ, ದಿನವೂ ಮಧ್ಯಾಹ್ನ ಹೋಗುವಂತೆ, ಕರೆಂಟು ಹೋಯಿತು.

ಎಲ್ಲವೂ ಒಟ್ಟಿಗೆ ನಿಂತವು. ಪಾರಿವಾಳವೊಂದು ರೆಕ್ಕೆ ಕೊಡವಿದ್ದು ಕೇಳಿಸಿತು. ದೂರದ ಘಾಟಿನಿಂದ ದೋಣಿಯವನು ಯಾರನ್ನೋ ಕೂಗಿ ಬೈದದ್ದೂ ಕೇಳಿಸಿತು. ಇದೇ ಹೊತ್ತು ಎಂದುಕೊಳ್ಳುವಷ್ಟರಲ್ಲಿ ದೊಡ್ಡ ಪೆಟ್ಟಿಗೆಯ ಕೆಂಪು ದೀಪವೂ ಆರಿದ್ದು ಕಂಡಿತು. ಸುಮ್ಮನೆ ಚಿಕ್ಕದನ್ನು ತೆಗೆದು ಜೋಡಿಸಿದೆ. ಅದರಲ್ಲಿ ಮಾತಿನ ಹಿಂದೆ ಮರಳು ಜಾರಿದಂಥ ಸಣ್ಣ ಸದ್ದಿತ್ತು. ಮಗ್ಗವಿರಲಿಲ್ಲ.

"ಅರೇ, ಛೋಟಾ? ಪಂಡಿತ್‌ಜೀ ಕೀ ಬಿಟಿಯಾ ಹೋಕರ್?" ಎಂದು, ದೊಡ್ಡದನ್ನು ಮರಳಿಸಲು ಹೋದಾಗ, ಅಂಗಡಿಯವನು ಪಂಡಿತರ ಮಗಳು ಚಿಕ್ಕದನ್ನು ಆರಿಸಿದ್ದಕ್ಕೆ ಮುಖ ಕಿವುಚಿದ. ಬಿಜಲಿ ಹೋದಾಗ ರೆಕಾರ್ಡ್ ಮಾಡಬೇಕು ಎಂದೆ. "ತಬ್ ತೋ ದಿನ್ ಭರ್ ಕೀಜಿಯೇ!" ಎಂದು ನಕ್ಕ; ಹಾಗಾದರೆ ಈ ಊರಿನಲ್ಲಿ ದಿನವಿಡೀ ಮಾಡಬಹುದಂತೆ.

ಆಪರೇಷನ್‌ವರೆಗೂ ನಮ್ಮ ಮಧ್ಯಾಹ್ನಗಳು ಹಾಗೇ ಕಳೆದವು. ಊಟ ಮುಗಿಸಿ, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡು, ಕರೆಂಟು ಹೋಗಲಿ ಎಂದು ಕಾಯುತ್ತಿದ್ದೆವು. ಊರಿಗೆಲ್ಲ ಶಾಪವಾದದ್ದು ನಮ್ಮಿಬ್ಬರಿಗೆ ಮಾತ್ರ ಬೇಕಿತ್ತು. ಒಂದು ದಿನ ಹೋಗದಿದ್ದಾಗ ಅತ್ತೆ ವಿದ್ಯುತ್ ಇಲಾಖೆಗೇ ಬೈದರು.

ಮೈಕಿನ ಮುಂದೆ ಮೊದಮೊದಲು ಅವರಿಗೆ ಮಾತು ಹೊರಡಲಿಲ್ಲ. "ಗೋಡೆಗೆ ಹೇಳ್ಲಾ? ನೀನು ಎದುರಿಗೆ ಕೂತ್ಕೋ. ಊರಿಂದ ಬಂದವಳ ಹಾಗೆ ಸೆರಗು ಹೊದ್ಕೊಂಡು" ಎಂದರು. ದುಪಟ್ಟಾ ತಲೆಯ ಮೇಲೆಳೆದು ಕೂತೆ.

"ಏನು ಬಿಡ್ತೀಯಮ್ಮಾ ಕಾಶೀಲಿ?"

"ನಾವು ಇಲ್ಲಿಯವರೇ ಅಲ್ವಾ ಅತ್ತೆ. ಏನೂ ಬಿಟ್ಟಿಲ್ಲ."

"ಅದೇ ನೋಡು. ನಾನೂ ಇಷ್ಟು ವರ್ಷ ಏನೂ ಬಿಡದೆ ತಪ್ಪಿಸಿಕೊಂಡಿದ್ದೆ. ಲೆಕ್ಕ ಇಟ್ಟಿದ್ದಾನೆ ವಿಶ್ವನಾಥ. ಹಾಗಲಕಾಯಿ ಕೊಡ್ತೀನಯ್ಯಾ ಅಂದ್ರೆ ಕೇಳ್ತಾನಾ?"

ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಹಲ್ಲಿಲ್ಲದವರ ಸೇಬಿನ ಕಥೆಗೆ ಹೋದರು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಅತ್ತೆ ಕೈಸನ್ನೆಯಲ್ಲೇ ಮನೆ ಆಳಿದರು. ದನಿ ಬಂದಾಗ ಅದು ಒಣಗಿದ ಎಲೆ ನೆಲಕ್ಕೆ ಉಜ್ಜಿದಂತಿತ್ತು, ನಾಲ್ಕಡಿ ಆಚೆ ಕೇಳಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಧಾರವಾಡದ ಕಡೆಯ ಹೆಂಗಸರು ಬಂದರು. ಹಜಾರದಲ್ಲಿ ಸ್ಪೀಕರಿಟ್ಟು ಅತ್ತೆಯ ರೆಕಾರ್ಡಿಂಗು ಹಾಕಿದೆ. ಎಲ್ಲರೂ ಭಕ್ತಿಯಿಂದ ಸ್ಪೀಕರನ್ನೇ ನೋಡುತ್ತ ಕೂತರು. ಹಾಗಲಕಾಯಿ ಬಂತು, ಯಾರೂ ನಗಲಿಲ್ಲ. ಅತ್ತೆ ಕೈಯೆತ್ತಿದರು. ನಿಲ್ಲಿಸಿದೆ.

"ಇವಳದು ಭಾಳ ಅವಸರ" ಎಂದು ಆ ಒಣ ದನಿಯಲ್ಲಿ ಪೆಟ್ಟಿಗೆಯನ್ನು ಹಂಗಿಸಿ, ಅದೇ ಕಥೆಯನ್ನು ತಾವೇ ಹೇಳತೊಡಗಿದರು. ಮುಂದಿನ ಸಾಲಿನವರು ಬಗ್ಗಿದರು. ಹಿಂದಿನವರಿಗೆ ಕೇಳಿಸದೆ ಎದ್ದು ಬಂದು, ಒಬ್ಬರಿಗೊಬ್ಬರು ಒತ್ತಿಕೊಂಡು ಅವರ ಮಂಡಿಗೆ ತಾಗುವಂತೆ ಕೂತರು. "ಏನಂದ್ರು, ಏನಂದ್ರು?" ಎಂದು ಒಬ್ಬರು ಕೇಳಿ, ಇನ್ನೊಬ್ಬರು ಹೇಳಿ, ನಗು ಎರಡು ಸಲ ಬಂತು. ನಾನು ಸ್ಪೀಕರಿನ ವೈರು ಸುತ್ತಿಟ್ಟೆ. ಆಮೇಲೆ ಅದನ್ನು ತರಲು ಅತ್ತೆ ಹೇಳಲಿಲ್ಲ.

ಈಗ ನಾನಿರುವ ಊರಿನಲ್ಲಿ ಕರೆಂಟು ಹೋಗುವುದು ಅಪರೂಪ. ಆ ರೆಕಾರ್ಡಿಂಗುಗಳು ನನ್ನ ಹತ್ತಿರ ಇವೆ. ಒಂದೊಂದರ ಕೊನೆಯಲ್ಲೂ ಕರೆಂಟು ಬಂದು ಗಲ್ಲಿಯ ಮಕ್ಕಳು "ಆ ಗಯೀ!" ಎಂದು ಕೂಗುತ್ತಾರೆ, ಮಗ್ಗ ಶುರುವಾಗುತ್ತದೆ, ಅತ್ತೆ ತಮ್ಮ ಹಳೆಯ ದನಿಯಲ್ಲಿ "ಬಂತು ಶನಿ, ನಿಲ್ಲಿಸೇ" ಎನ್ನುತ್ತಾರೆ. ಆಗ ಆ ತುದಿಗಳನ್ನು ಕತ್ತರಿಸಿ ಹಾಕಬೇಕೆಂದಿದ್ದೆ. ಈಗ ಅಲ್ಲಿಂದಲೇ ಕೇಳಲು ಶುರು ಮಾಡುತ್ತೇನೆ.