ಉಡುದಾರದಲ್ಲಿದ್ದ ಚಾವಿ

ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದಾಗ ನನ್ನ ಕಣ್ಣು ಬಿದ್ದದ್ದು ಪಡಸಾಲೆಯಲ್ಲಿದ್ದ ಸ್ಕೂಟರಿನ ಮೇಲೆ. ಯಜಮಾನರಿಗೆ ಆಲಮಟ್ಟಿಯಲ್ಲಿ ಕಾಲುವೆ ಕೆಲಸ, ಮನೆಗೆ ಬರುವುದು ಭಾನುವಾರ ಮಾತ್ರ. ವಾರವಿಡೀ ಗಾಡಿ ಗೋಣಿಚೀಲ ಹೊದ್ದು ನಿಂತಿರುತ್ತಿತ್ತು. ನಾನೋ ಮಸೂತಿ ಎಂಬ ಹಳ್ಳಿಯ ಶಾಲೆಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಬೇಕು. ಯಾರದೋ ಬುಟ್ಟಿಯೊಳಗಿನ ಕೋಳಿ ಸೀರೆಯ ನೆರಿಗೆ ಕುಕ್ಕುತ್ತಿತ್ತು. ಗಾಡಿ ಕೇಳಿದರೆ ಯಜಮಾನರು "ಅಪ್ಪನ್ನ ಕೇಳು" ಎಂದರು. ಚಾವಿ ಇದ್ದದ್ದು ಮಾವನವರ ಉಡುದಾರದಲ್ಲಿ. ಸೊಸೆಯಾದವಳು ಕೈ ಹಾಕುವ ಜಾಗವಲ್ಲ ಅದು.

ಮಾವನವರು ತೊಗರಿ ವ್ಯಾಪಾರಿ, ಮೇಲಾಗಿ ಊರಿನ ಚದುರಂಗದ ಹುಲಿ. ಸೋತು ಸೋತು ಗೆಳೆಯರೆಲ್ಲ ಮೊಣಕಾಲು ನೋವಿನ ನೆಪ ಹೇಳತೊಡಗಿದ್ದರಿಂದ, ಎದುರು ಕೂರಲು ಯಾರೂ ಸಿಗದೆ ನನಗೇ ಆಟ ಕಲಿಸಿದ್ದರು. ಒಂದು ಸಂಜೆ ಧೈರ್ಯ ಮಾಡಿ ಚಾವಿ ಕೇಳಿದೆ.

"ನನ್ನ ಸೋಲಸು, ಗಾಡಿ ಒಯ್ಯಿ," ಎಂದರು. "ಅಲ್ಲೀತನಕ ಬಸ್ಸಿನ್ಯಾಗ ಹೋಗೂದ ಛಲೋ ಐತವಾ."

"ಆತ್ ಬಿಡು, ಗಾಡಿಗಿ ತುಕ್ಕ ಹಿಡೀತೈತಿ," ಎಂದು ಅಡುಗೆಮನೆಯಿಂದ ಅತ್ತೆ ಭವಿಷ್ಯ ನುಡಿದರು.

ಆ ದಿನಗಳಲ್ಲಿ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಇಂಟರ್ನೆಟ್ ಸೆಂಟರ್ ತೆರೆದಿತ್ತು. ಕಂಪ್ಯೂಟರಿನಲ್ಲಿ ಯಾವುದೋ ದೇಶದವರ ಜೊತೆ ಚದುರಂಗ ಆಡಬಹುದೆಂದು ಕೇಳಿ, ಶಾಲೆಯಿಂದ ಬಂದವಳು ಅಲ್ಲೇ ಇಳಿದು ಕೂರತೊಡಗಿದೆ. ಮನೆಯಲ್ಲಿ "ಬಸ್ ತಡಾ ಆತ್ರಿ" ಎಂದರೆ ಮುಗಿಯಿತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನಮ್ಮ ಬಸ್ಸು ಅಷ್ಟು ಒಳ್ಳೆಯ ಹೆಸರು ಗಳಿಸಿತ್ತು.

ಮೊದಲ ಆಟದಲ್ಲೇ ಪೇಚಿಗೆ ಸಿಕ್ಕಿದೆ. ರಾಜನಿಗೆ ಏಟು ಬೀಳುವಂತೆ ಕಾಯಿ ನಡೆಸಿದಾಗ ನಾವು "ಶಹ" ಎಂದು ಕೂಗುತ್ತೇವೆ. ನಮ್ಮ ಕಡೆಯ ಆಟದಲ್ಲಿ ಮೊದಲ ಶಹ ಬಿದ್ದಾಗ ರಾಜ ಒಂದು ಸಲ ಕುದುರೆಯ ಹಾಗೆ ಜಿಗಿದು ಪಾರಾಗಬಹುದು. ಆಗ ಜಿಗಿಯದಿದ್ದರೆ ಆ ಸವಲತ್ತು ಹೋಯಿತು. ನಾನು ಹಾಗೆಯೇ ಜಿಗಿಸಲು ನೋಡಿದೆ, ರಾಜ ಕದಲಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಂತೆ, ಮೌಸ್ ಕೆಟ್ಟಿದೆ ಎಂದು ಸೆಂಟರಿನವರನ್ನು ಕರೆದೆ. ಅವರು ಪಾಪ, ಮೌಸ್ ಒರೆಸಿ ಕೊಟ್ಟರು. ಹೊರಗಿನ ಜಗತ್ತಿನಲ್ಲಿ ರಾಜನಿಗೆ ಆ ಸವಲತ್ತೇ ಇಲ್ಲವೆಂದು ತಿಳಿಯುವ ಹೊತ್ತಿಗೆ ಬೇಕಾದಷ್ಟು ಸೋತಿದ್ದೆ.

ಆದರೆ ಅಲ್ಲಿ ಒಂದು ಅನುಕೂಲವಿತ್ತು. ಆಟ ಮುಗಿದ ಮೇಲೆ ಬಾಣದ ಗುಂಡಿ ಒತ್ತಿದರೆ ನಡೆಗಳೆಲ್ಲ ಒಂದೊಂದಾಗಿ ಮತ್ತೆ ಕಾಣಿಸುತ್ತಿದ್ದವು. ನೋಡುತ್ತ ಹೋದಂತೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಶಹ ಕೊಡುವ ಸಂದು ಕಂಡರೆ ಸಾಕು, ನನ್ನ ಮಂತ್ರಿ ಒಬ್ಬನೇ ಓಡುತ್ತಿದ್ದ. ಎದುರಿನವರು ತಣ್ಣಗೆ ಒಂಟೆ ಕುದುರೆಗಳನ್ನು ಹೊರಗೆ ತಂದು ಅವನನ್ನು ಅಟ್ಟಾಡಿಸುತ್ತಿದ್ದರು. ಇದೆಂಥ ಚಟ, ಯಾರಿಂದ ಬಂತು ಎಂದು ಯೋಚಿಸಿದೆ. ಮಾವನವರಿಂದ! ಅವರೂ ಕಾಯಿ ಜೋಡಿಸಿದ ಕೂಡಲೇ ಶಹ, ಶಹ ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ನನ್ನ ಸೋಲುಗಳನ್ನು ನೋಡಿ ನೋಡಿ ಅವರ ದೌರ್ಬಲ್ಯ ಹಿಡಿದಿದ್ದೆ. ಆ ಖುಷಿಗೆ ಸೆಂಟರಿನವರಿಗೂ ಚಹಾ ಕುಡಿಸಿದೆ.

ಅವತ್ತು ಸಂಜೆ ಮಣೆಯ ಮುಂದೆ ಕೂತು ಒಂದೂ ಶಹ ಕೊಡದೆ ಆಡಿದೆ. ಅವರು ಕೂಗಿಕೊಂಡರು, ನಾನು ಕಾಯಿಗಳನ್ನು ಒಂದೊಂದಾಗಿ ಹೊರಗೆ ತಂದುಕೊಂಡೆ. ಅವರ ಮಂತ್ರಿ ಮೂಲೆ ಸೇರಿದ. ಕೊನೆಗೆ ನನ್ನ ಆನೆಯನ್ನು ಅವರ ರಾಜನ ಎದುರಿಗೆ ನಿಲ್ಲಿಸಿ, "ಶಹ. ಆಟ ಮುಗೀತ್ರಿ ಮಾವಾರ," ಎಂದು ಕೈ ಚಾಚಿದೆ.

ಮಾವನವರು ಮೀಸೆಯಲ್ಲೇ ನಕ್ಕು, ರಾಜನನ್ನೆತ್ತಿ ಕುದುರೆಯ ಹಾಗೆ ಜಿಗಿಸಿದರು. "ಇದು ಮೊದಲನೇ ಶಹ ಅಲ್ಲೇನವಾ?"

ಚಾಚಿದ ಕೈಯಲ್ಲಿ ತಲೆ ಕೆರೆದುಕೊಂಡೆ. ಹೊರಗಿನ ಆಟ ಆಡಿ ಆಡಿ ಜಿಗಿತವೇ ಮರೆತುಹೋಗಿತ್ತು. ಶುರುವಿನಲ್ಲೇ ಅವರು ಶಹ ಕೂಗುತ್ತಿದ್ದದ್ದು ಎದುರಿನ ರಾಜನ ಆ ಸವಲತ್ತು ಕಳೆಯಲು. ನಾನು ಅದನ್ನು ಚಟವೆಂದುಕೊಂಡಿದ್ದೆ. ಹತ್ತು ಮಿನಿಟಿನಲ್ಲಿ ಸೋತೆ. ಅಳು ಬಂದಿತ್ತು, ನಿಜ ಹೇಳುತ್ತೇನೆ.

ಮರುದಿನ ಸೆಂಟರಿಗೆ ಹೋಗಲಿಲ್ಲ. ಅಡುಗೆ ಮಾಡುತ್ತಲೇ ಹಿಂದಿನ ಸಂಜೆಯ ಆಟವನ್ನು ಮನಸ್ಸಿನಲ್ಲಿ ಹಿಂದಕ್ಕೆ ಮುಂದಕ್ಕೆ ಓಡಿಸಿದೆ; ರೊಟ್ಟಿ ಹೊತ್ತಿ ಅತ್ತೆಯಿಂದ ಬೈಸಿಕೊಂಡೆ. ಸಂಜೆ ಆಟ ಶುರುವಾಗುತ್ತಿದ್ದಂತೆ ಒಂಟೆಯಿಂದ ಒಂದು ಶಹ ಕೊಟ್ಟೆ. ಆಗಲೇ ಜಿಗಿದರೆ ರಾಜ ಬಯಲಿಗೆ ಬೀಳುತ್ತಿದ್ದ. ಮಾವನವರು ನನ್ನನ್ನೊಮ್ಮೆ ನೋಡಿ ಪ್ಯಾದೆ ಅಡ್ಡ ಇಟ್ಟರು. ಸವಲತ್ತು ಹೋಯಿತು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು, ಕಂಪ್ಯೂಟರು ಕಲಿಸಿದಂತೆ ಸಾವಕಾಶ ಆಡಿದೆ. ಕೊನೆಗೆ ಅವರ ರಾಜನಿಗೆ ಹೋಗಲು ಒಂದು ಮನೆಯೂ ಉಳಿಯಲಿಲ್ಲ.

ಮಾವನವರು ತಮ್ಮ ರಾಜನನ್ನು ಮಣೆಯ ಮೇಲೆ ಮಲಗಿಸಿದರು. "ಯಾರ ಕಲಿಸ್ಯಾರ ನಿನಗ?"

"ನೀವ ಕಲಿಸೀರಿ, ಮಾವಾರ."

ಗುರುವಿಗೇ ತಿರುಮಂತ್ರ ಹಾಕಿದ್ದಕ್ಕೆ ಸಿಟ್ಟಾಗುತ್ತಾರೆಂದು ಹೆದರಿದ್ದೆ. ಅವರು ಎದ್ದು ಒಳಗೆ ಹೋಗಿ ಚಾವಿ ಬಿಚ್ಚಿ ತಂದು ಕೊಟ್ಟರು.

ಗೋಣಿಚೀಲ ತೆಗೆದು ಚಾವಿ ತಿರುಗಿಸಿದೆ. ಕಿಕ್ ಒದ್ದರೂ ಗಾಡಿ ಉಸಿರೆತ್ತಲಿಲ್ಲ. ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೆಕ್ಯಾನಿಕ್ ಅಂಗಡಿ ಬಜಾರಿನ ಆಚೆ ತುದಿಯಲ್ಲಿತ್ತು. ನಾನು ಹ್ಯಾಂಡಲ್ ಹಿಡಿದೆ, ಮಾವನವರು ಧೋತರ ಎತ್ತಿ ಕಟ್ಟಿ ಹಿಂದಿನಿಂದ ದೂಡಿದರು. ಸೋತ ಸುದ್ದಿ ಊರಿಗೆ ಗೊತ್ತಾಗದಿರಲೆಂದು ಅವರು ಸುಮ್ಮನಿರಬಹುದು, ನಾನೂ ಬಾಯಿ ಬಿಡಬಾರದು ಎಂದುಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದೆ. ಕಿರಾಣಿ ಅಂಗಡಿಯವರು, "ಏನ್ರಿ ಸಾವಕಾರ್ರ, ಗಾಡಿ ಮಾರಾಕ ಹೊಂಟೀರೇನು?" ಎಂದು ಕೇಳಿದರು.

"ಮಾರೂದೆಲ್ಲೀದರಿ," ಎಂದು ಹಿಂದಿನಿಂದ ಮಾವನವರ ಧ್ವನಿ ಇಡೀ ಬಜಾರಿಗೆ ಕೇಳಿಸಿತು. "ನನ್ನ ಸೊಸಿ ನನ್ನ ಸೋಲಿಸ್ಯಾಳ್ರಿ! ಗಾಡಿ ಈಗ ಆಕೀದು!"