ಬಾವಿಗೆ ಹಾರುವ ಮುನ್ನ ಕೂಗಿದ ಹೆಸರು

"ಹೇಳಲೇ, ನಾ ಹೆಂಗ ಹಾರಿದ್ನಿ? ಕಾಲ ಕೆಳಗಿದ್ದುವೋ, ತಲಿ ಕೆಳಗಿತ್ತೋ?"

ಇಂಡಿ ಪಟ್ಟಣದ ತನ್ನ ಮನೆಯ ಪಡಸಾಲೆಯಲ್ಲಿ ನನ್ನ ಗೆಳೆಯ ಗಾಲಿ ಕುರ್ಚಿಯ ಮೇಲೆ ಕೂತು ಲಿಂಬೆಹಣ್ಣು ಆರಿಸುತ್ತಿದ್ದ. ಬೆನ್ನು ಮುರಿದ ದಿನದ ಒಂದು ತುಣುಕೂ ಅವನಿಗೆ ನೆನಪಿಲ್ಲ. ಆಗ ಬಾವಿಯ ದಂಡೆಯ ಮೇಲಿದ್ದವನು ನಾನೊಬ್ಬನೇ.

ತೊಂಬತ್ತರ ದಶಕದ ಕೊನೆ. ಇಬ್ಬರೂ ಸಿಂದಗಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆವು. ಊರ ಹೊರಗಿನ ಬಾವಿಯಲ್ಲಿ ಈಜುವವರಿಗೆ ಒಂದು ಕಟ್ಟಳೆಯಿತ್ತು: ಹಾರುವ ಮೊದಲು ಲಾಗದ ಹೆಸರು ಕೂಗಬೇಕು. ಕೂಗಿದಂತೆ ಹಾರದಿದ್ದರೆ ಅದು ಲೆಕ್ಕಕ್ಕಿಲ್ಲ. ಹಳೆಯ ಹೆಸರುಗಳು ಬೇಸರವಾದಾಗ ಟಿವಿಯಿಂದ ಹೊಸವನ್ನು ತಂದೆವು. ಕೇಬಲ್ ಬಂದ ಹೊಸತು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿ, ಎರಡೂ ಕೈಯಲ್ಲಿ ಕೋಲು ಹಿಡಿದವರು ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಗಾಳಿಯಲ್ಲಿ ತಿರುಗುತ್ತಿದ್ದರು. ಹಿಮ ಕಾಣದ ನಮಗೆ ಅದು ತಾಳಿಕೋಟೆಯ ಹತ್ತಿ ರಾಶಿ. ಅವರಲ್ಲಿ 'ಹೆಲಿಕಾಪ್ಟರ್' ಎಂದರೆ ನೆಟ್ಟಗಿನ ಮೈಯಲ್ಲೇ ಬುಗುರಿಯಂತೆ ಒಂದು ಸುತ್ತು ತಿರುಗಿ ಕಾಲೂರಿ ಇಳಿಯುವುದು. ಮುದ್ದೇಬಿಹಾಳದ ಜಿಮ್ನಾಸ್ಟಿಕ್ ಶಿಬಿರದಿಂದ ಬಂದ ಹುಡುಗರು, ನೆಲಕ್ಕೆ ಕೈಯೂರಿ ಕಾಲು ಸುತ್ತಿಸುವುದೇ ಹೆಲಿಕಾಪ್ಟರ್ ಎಂದರು. ಬಾವಿಯಲ್ಲಿ ಎರಡೂ ಕಲಸಿಹೋಗಿ, ಕೆಲವರು ತಲೆ ಕೆಳಗೆ ಮಾಡಿ ಕಾಲು ತಿರುಗಿಸುತ್ತ ಬೀಳತೊಡಗಿದರು. ದಿನವೂ ಅದೇ ಜಗಳ.

"ನಿಂದು ಹೆಲಿಕಾಪ್ಟರ್ ಅಲ್ಲಲೇ, ರೆಕ್ಕಿ ಮುರದ ಕೋಳಿ!" ಎಂದು ಅವನೇ ನನ್ನನ್ನು ಅಣಕಿಸುತ್ತಿದ್ದ.

ಆ ಬೇಸಿಗೆ ನೀರು ಇಳಿದಿತ್ತು. ಅವನು "ಹೆಲಿಕಾಪ್ಟರ್" ಎಂದು ಕೂಗಿ ಹಾರಿದ.

ಅವನ ಅಪ್ಪ ಸಾಯುವವರೆಗೂ ಒಂದೇ ಮಾತು ಹೇಳಿದರು: "ಕಡಿಮಿ ನೀರಾಗ ತಲಿ ಕೆಳಗ ಮಾಡಿ ಹಾರಿದಾಂವ. ತನ್ನ ಕೈಯಾರೆ ಮಾಡ್ಕೊಂಡಾನ." ಕಾಲು ಕೆಳಗಾಗಿ ಹಾರಿದ್ದರೆ ಆ ಮಾತು ಸುಳ್ಳಾಗುತ್ತದೆ. ಅದಕ್ಕೇ ನಾನು ಹೋದಾಗಲೆಲ್ಲ ಅವನು ಕೇಳುತ್ತಿದ್ದ.

ಕಣ್ಣು ಮುಚ್ಚಿದರೆ ನನಗೆ ಕಾಣುತ್ತದೆ: ನೆಟ್ಟಗಿನ ಮೈ, ಒಂದು ಸುತ್ತು. ಹೇಳಿಬಿಡಬಹುದು. ಆದರೆ ಆ ನೋಟದಲ್ಲಿ ಅವನ ಎರಡೂ ಕೈಯಲ್ಲಿ ಕೋಲುಗಳಿವೆ. ಬಾವಿಯ ಕಲ್ಲುಗೋಡೆ ಹಿಮದಂತೆ ಬೆಳ್ಳಗಿದೆ. ಸಾಕ್ಷಿಯನ್ನು ಮೊದಲು ಸಂಶಯಿಸು ಎಂದು ಧಾರವಾಡದ ಯೂನಿವರ್ಸಿಟಿಯಲ್ಲಿ ಓದಿಕೊಂಡು ಬಂದವನು ನಾನು. ಇಲ್ಲಿ ಸಾಕ್ಷಿಯೂ ನಾನೇ.

"ನೆಟ್ಟಗ ಇದ್ದಂಗ ಕಾಣತೈತಿ," ಎಂದೆ. "ಆದ್ರ ಅದು ನೀನೋ, ಟಿವಿಯಾಗಿನಾಂವನೋ, ಖಾತ್ರಿ ಇಲ್ಲೋ."

ಚಹಾ ತಂದ ಅವನ ಹೆಂಡತಿ ಬಾಗಿಲಲ್ಲೇ ನಿಂತಳು. "ಅಣ್ಣಾರ, ನೆಟ್ಟಗ ಅಂದ್ರಲ್ಲ, ಅಷ್ಟಕ್ಕ ಬಿಡ್ರಿ."

"ಬ್ಯಾಡ," ಎಂದ ಅವನು. "ಯೂನಿವರ್ಸಿಟಿ ಕಲತಾಂವಗ ಖಾತ್ರಿ ಇಲ್ಲಂದ್ರ, ಅಪ್ಪ ಹೇಳಿದ್ದ ಖರೆ ಇರಬೇಕು."

ಚಹಾ ಕುಡಿದು ಬಸ್ಸಿಗೆ ಎದ್ದೆ. ಮುಂದಿನ ಸಲ ಹೋದಾಗ ಲಿಂಬೆಯ ದರ, ಮಳೆ, ನನ್ನ ನೌಕರಿ ಎಲ್ಲ ವಿಚಾರಿಸಿದ. ಹೇಗೆ ಹಾರಿದೆ ಎಂಬುದೊಂದನ್ನು ಕೇಳಲಿಲ್ಲ.